ವೇದಿಕೆಗೆ ಬೇಡ, ಕೆಲಸಕ್ಕೆ ಕರೆಯಿರಿ

ಶಾಲೆ ನಡೆಸುವವರಿಗೆ, ಗ್ರಂಥಾಲಯ ನೋಡಿಕೊಳ್ಳುವವರಿಗೆ, ಸ್ಥಳೀಯ ಆಡಳಿತದಲ್ಲಿ ಇರುವವರಿಗೆ, ಹಾಗೆಯೇ ನನ್ನ ಹಾಗೆ ಪಾಠ ಮಾಡಿ ನಿವೃತ್ತರಾದ ಎಲ್ಲರಿಗೂ,

ನಮಸ್ಕಾರ.

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಒಂದು ಮಗು 52ರಿಂದ 27 ಕಳೆದು 35 ಅಂತ ಬರೆದಿದೆ. ಮನೆಯಲ್ಲಿ ಯಾರೋ ನೋಡಿ "ತಪ್ಪು, ಮತ್ತೆ ಮಾಡು" ಅನ್ನುತ್ತಾರೆ. ಮಗು ಮತ್ತೆ ಮಾಡುತ್ತದೆ. ಮತ್ತೆ 35 ಬರುತ್ತದೆ. ಆಗ "ನಿನಗೆ ಗಮನವೇ ಇಲ್ಲ" ಅಂತ ಬೈಗುಳ ಬೀಳುತ್ತದೆ. ನಿಜ ಹೇಳಬೇಕೆಂದರೆ ಮಗುವಿಗೆ ಗಮನ ಚೆನ್ನಾಗಿಯೇ ಇದೆ. 2ರಿಂದ 7 ಹೋಗುವುದಿಲ್ಲ ಅಂತ ಅದಕ್ಕೆ ಗೊತ್ತಾಗಿದೆ. ಹಾಗಾಗಿ 7ರಿಂದ 2 ಕಳೆದು 5 ಬರೆದಿದೆ. ಆಮೇಲೆ 5ರಿಂದ 2 ಕಳೆದು 3. ಯಾವಾಗಲೂ ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅನ್ನೋದು ಅದು ತಾನೇ ಕಟ್ಟಿಕೊಂಡ ನಿಯಮ. ಆ ನಿಯಮವನ್ನು ಅದು ಶ್ರದ್ಧೆಯಿಂದ ಪಾಲಿಸುತ್ತಿದೆ. ನೂರು ಸಲ ಮಾಡಿಸಿದರೂ ಉತ್ತರ ಅದೇ.

ಕೆಳಗಿನ ತರಗತಿಗಳಿಗೆ ಪಾಠ ಮಾಡಿದವರಿಗೆ ಇದು ನೋಡಿದ ತಕ್ಷಣ ಹೊಳೆಯುತ್ತದೆ. ಅವರು ಬೈಯುವುದಿಲ್ಲ. ಹತ್ತು ಹತ್ತು ಕಡ್ಡಿಗಳ ಐದು ಕಟ್ಟು, ಎರಡು ಬಿಡಿ ಕಡ್ಡಿ ಮಗುವಿನ ಮುಂದೆ ಇಟ್ಟು "ಇದರಲ್ಲಿ ನನಗೆ ಇಪ್ಪತ್ತೇಳು ಕೊಡು ನೋಡೋಣ" ಅನ್ನುತ್ತಾರೆ. ಮಗು ಎರಡು ಕಟ್ಟು ಕೊಡುತ್ತದೆ, ಎರಡು ಬಿಡಿ ಕಡ್ಡಿ ಕೊಡುತ್ತದೆ, ಆಮೇಲೆ ಕೈ ನಿಲ್ಲುತ್ತದೆ. ಇನ್ನೂ ಐದು ಬೇಕಲ್ಲ! ಶಿಕ್ಷಕಿ ಏನೂ ಹೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ಮಗು ಒಂದು ಕಟ್ಟಿನ ದಾರಕ್ಕೆ ಕೈ ಹಾಕಿ "ಬಿಚ್ಚಲಾ ಮಿಸ್?" ಅಂತ ಕೇಳುತ್ತದೆ. ದಶಕ ಸಹಿತ ಕಳೆಯುವ ಲೆಕ್ಕ ಅಲ್ಲಿಗೆ ಅರ್ಥವಾಯಿತು.

ತಪ್ಪಿನ ಬೇರು ಎಲ್ಲಿದೆ ಅಂತ ಕಾಣುವ ಕಣ್ಣು, ಉತ್ತರ ಬಾಯಿತುದಿಗೆ ಬಂದರೂ ಹೇಳದೆ ಕಾಯುವ ತಾಳ್ಮೆ. ಇವೆರಡೂ ಸಾವಿರಾರು ನೋಟ್‌ಬುಕ್ ತಿದ್ದಿದ ಮೇಲೆ ಬರುವಂಥವು. ನಿವೃತ್ತಿಯ ದಿನ ಹಾಜರಿ ಪುಸ್ತಕದ ಜೊತೆ ಅವನ್ನು ಶಾಲೆಗೆ ಒಪ್ಪಿಸಿ ಬರಲು ಆಗುವುದಿಲ್ಲ. ನಮ್ಮ ಜೊತೆ ಮನೆಗೆ ಬರುತ್ತವೆ, ಬಂದು ಸುಮ್ನೆ ಕೂರುತ್ತವೆ.

ನಿಮ್ಮ ಮೇಲೆ ನನಗಿರುವ ದೂರು ಇದೇ. ನೀವು ನಮ್ಮನ್ನು ಮರೆತಿಲ್ಲ. ಗೌರವಕ್ಕೂ ಕಡಿಮೆ ಮಾಡಿಲ್ಲ. ಬೀಳ್ಕೊಡುಗೆಯಲ್ಲಿ ಒಳ್ಳೆಯ ಮಾತು ಆಡುತ್ತೀರಿ. ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿ ಅಂತ ಕರೆಯುತ್ತೀರಿ. ಸಂಘ ಸಂಸ್ಥೆ ಶುರುವಾದರೆ ಗೌರವಾಧ್ಯಕ್ಷರ ಜಾಗಕ್ಕೆ ನಮ್ಮ ಹೆಸರು ಹಾಕುತ್ತೀರಿ. ಮೈಕ್ ಕೊಡುತ್ತೀರಿ, ಕುರ್ಚಿ ಕೊಡುತ್ತೀರಿ. ಆ ಮಗುವಿನ ಪಕ್ಕದ ಮಣೆ ಮಾತ್ರ ಕೊಡುವುದಿಲ್ಲ. ನಮಗೆ ಬೇಕಿರುವುದು ಅದು.

ಅಗತ್ಯ ಇಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. 2030ರ ಹೊತ್ತಿಗೆ ಜಗತ್ತಿನ ಪ್ರಾಥಮಿಕ, ಪ್ರೌಢ ಶಾಲೆಗಳಿಗೆ ಇನ್ನೂ 4 ಕೋಟಿ 40 ಲಕ್ಷ ಶಿಕ್ಷಕರು ಬೇಕು ಅಂತ ಯುನೆಸ್ಕೋ 2023ರಲ್ಲಿ ಲೆಕ್ಕ ಹಾಕಿತು. ಓದು ಬರಹ ಬಾರದ ವಯಸ್ಕರು ಈಗಲೂ 70 ಕೋಟಿಗಿಂತ ಜಾಸ್ತಿ ಇದ್ದಾರೆ. ಅವರಲ್ಲಿ ಹೆಚ್ಚು ಕಡಿಮೆ ಮೂರರಲ್ಲಿ ಎರಡು ಪಾಲು ಹೆಂಗಸರು.

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ, ಇಲ್ಲದಿದ್ದರೆ ಈ ಪತ್ರವನ್ನು ಬೇರೆ ಕೆಲಸಕ್ಕೆ ಬಳಸಿಕೊಳ್ಳುವವರು ಇದ್ದಾರೆ. ಖಾಲಿ ಬಿದ್ದಿರುವ ಶಿಕ್ಷಕರ ಹುದ್ದೆಗೆ ನಮ್ಮನ್ನು ಪುಕ್ಕಟೆ ತುಂಬಿಸಿ ಅಂತ ನಾನು ಹೇಳುತ್ತಿಲ್ಲ. ಹುದ್ದೆಗೆ ಸಂಬಳ ಕೊಟ್ಟು, ಕಲಿತ ಯುವಕ ಯುವತಿಯರನ್ನು ನೇಮಿಸಬೇಕು. ನಾವು ಬಂದು ತರಗತಿ ತೆಗೆದುಕೊಂಡರೆ ಅವರ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ತರಗತಿ ಅವರದ್ದು. ಅವರ ಕೈಗೆ ಸಿಗದೆ ಹಿಂದೆ ಉಳಿದ ಮೂರು ನಾಲ್ಕು ಮಕ್ಕಳ ಜೊತೆ ಕೂರುವ ಕೆಲಸ ನಮ್ಮದಾಗಲಿ.

ಈ ಪಕ್ಕದಲ್ಲಿ ಕೂರುವ ಕೆಲಸಕ್ಕೆ ಎಷ್ಟು ಬೆಲೆ ಇದೆ ಅಂತ ಸಂಶೋಧನೆಯೇ ಹೇಳುತ್ತದೆ. ಒಬ್ಬರಿಗೆ ಒಬ್ಬರಂತೆ ಕಲಿಸಿದರೆ ಮಕ್ಕಳು ಬಹಳ ಮುಂದೆ ಹೋಗುತ್ತಾರೆ ಅಂತ 1984ರಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕ ಬೆಂಜಮಿನ್ ಬ್ಲೂಮ್ ಬರೆದರು. ಅವರು ತೋರಿಸಿದಷ್ಟು ದೊಡ್ಡ ಲಾಭ ಆಮೇಲಿನವರಿಗೆ ಸಿಗಲಿಲ್ಲ. ಆದರೂ ಲಾಭ ಇರುವುದು ಗಟ್ಟಿ. 2020ರಲ್ಲಿ ಕೆಲವು ಅರ್ಥಶಾಸ್ತ್ರಜ್ಞರು ಇಂಥ 96 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಚಿಕ್ಕ ತರಗತಿಗಳಲ್ಲಿ ಪರಿಣಾಮ ಜಾಸ್ತಿ. ಶಾಲೆ ಬಿಟ್ಟ ಮೇಲೆ ಕೂರಿಸುವುದಕ್ಕಿಂತ ಶಾಲೆಯ ಹೊತ್ತಿನಲ್ಲೇ ಕೂರಿಸಿದರೆ ಹೆಚ್ಚು ಫಲ. ಪಕ್ಕದಲ್ಲಿ ಕೂರುವವರು ಶಿಕ್ಷಕರಾಗಿದ್ದರೆ, ತರಬೇತಿ ಇಲ್ಲದ ಸ್ವಯಂಸೇವಕರಿಗಿಂತ ಅಥವಾ ತಂದೆ ತಾಯಿಗಿಂತ ಹೆಚ್ಚು ಕೆಲಸ ಆಗುತ್ತದೆ. ಆ ಕೊನೆಯ ಮಾತನ್ನು ಶಾಲೆ ನಡೆಸುವವರು ಇನ್ನೊಂದು ಸಲ ಓದಬೇಕು. ನೀವು ಹುಡುಕುತ್ತಿರುವ ತರಬೇತಿ ಆದವರು ನಾಲ್ಕು ಬೀದಿ ಆಚೆ ಪೇಪರ್ ಓದುತ್ತಾ ಕೂತಿದ್ದಾರೆ.

ಹಿರಿಯರನ್ನು ಶಾಲೆಗೆ ಕರೆಯುವುದು ಹೇಗೆ ಅಂತ ಕಲಿಯಲು ಅಮೆರಿಕದ ಎಕ್ಸ್‌ಪೀರಿಯೆನ್ಸ್ ಕೋರ್ ಅನ್ನುವ ಕಾರ್ಯಕ್ರಮ ಒಳ್ಳೆಯ ಮಾದರಿ. 1990ರ ದಶಕದಲ್ಲಿ ಶುರುವಾಯಿತು. ಬಾಲ್ಟಿಮೋರ್ ನಗರದಲ್ಲಿ ಇದನ್ನು ನಡೆಸಿದ ರೀತಿ ನನಗೆ ಬಹಳ ಇಷ್ಟ. 60 ದಾಟಿದವರನ್ನು ಆರಿಸಿದರು. ಅವರೆಲ್ಲ ಶಿಕ್ಷಕರಾಗಿದ್ದವರಲ್ಲ, ಹಾಗಾಗಿ ಮೊದಲು ತರಬೇತಿ ಕೊಟ್ಟರು. ವಾರಕ್ಕೆ 15 ಗಂಟೆ, ಇಡೀ ಶಾಲಾ ವರ್ಷ. ಒಂದನೇ ಎರಡನೇ ತರಗತಿಯಂಥ ಚಿಕ್ಕ ಮಕ್ಕಳ ಜೊತೆ ಕೆಲಸ. ಒಬ್ಬೊಬ್ಬರನ್ನು ಒಂದೊಂದು ಶಾಲೆಗೆ ಅಟ್ಟಲಿಲ್ಲ, ಒಂದೇ ಶಾಲೆಗೆ ಒಂದು ತಂಡ ಕಳಿಸಿದರು. ಓಡಾಟದ ಖರ್ಚಿಗೆ ಅಂತ ಸ್ವಲ್ಪ ಹಣವನ್ನೂ ಕೊಟ್ಟರು.

ತಂಡವಾಗಿ ಕಳಿಸಿದ್ದರಲ್ಲೇ ಇದರ ಜಾಣತನ ಇರುವುದು. ಒಬ್ಬರೇ ಹೋದರೆ ಮೂರನೇ ವಾರಕ್ಕೆ "ನಾನು ಇಲ್ಲಿ ಯಾಕೆ ಬಂದೆ" ಅನ್ನಿಸಿಬಿಡುತ್ತದೆ. ಸಿಬ್ಬಂದಿ ಕೋಣೆಯಲ್ಲಿ ಎಲ್ಲಿ ಕೂರಬೇಕು ಅಂತಲೂ ತಿಳಿಯುವುದಿಲ್ಲ. ಐದು ಜನ ಇದ್ದರೆ ಒಬ್ಬರಿಗೆ ಹುಷಾರಿಲ್ಲದ ದಿನ ಇನ್ನೊಬ್ಬರು ಮಗುವಿನ ಜೊತೆ ಕೂರುತ್ತಾರೆ. ಕೆಲಸ ಮುಗಿದ ಮೇಲೆ "ಅವಳು ಇವತ್ತು ಒಂದು ಪುಟ ಓದಿದಳು ಕಣ್ರೀ" ಅಂತ ಹೇಳಿಕೊಳ್ಳಲು ಯಾರಾದರೂ ಇರುತ್ತಾರೆ. ಬಾಲ್ಟಿಮೋರ್‌ನಲ್ಲಿ 702 ಹಿರಿಯರನ್ನು ಸೇರಿಸಿಕೊಂಡು ಅಧ್ಯಯನವನ್ನೂ ನಡೆಸಿದರು. ಅವರಲ್ಲಿ ಕೆಲವರ ಮೆದುಳಿನ ಸ್ಕ್ಯಾನ್ ಮಾಡಿ ಎರಡು ವರ್ಷದ ಬದಲಾವಣೆ ನೋಡಿದ ಫಲಿತಾಂಶ 2015ರಲ್ಲಿ ಬಂತು. ಶಾಲೆಗೆ ಹೋಗುತ್ತಿದ್ದ ಗಂಡಸರಲ್ಲಿ, ವಯಸ್ಸಾದಂತೆ ಸಾಮಾನ್ಯವಾಗಿ ಕುಗ್ಗುವ ನೆನಪಿನ ಭಾಗ ಕುಗ್ಗದೆ ಉಳಿದಿತ್ತು. ಮಕ್ಕಳಿಗಾಗಿ ಹೋದವರಿಗೇ ಇಷ್ಟು ಉಪಕಾರ ಆದರೆ ಬೇಡ ಅನ್ನಲು ಕಾರಣ ಏನಿದೆ?

ಮುಖ್ಯ ಶಿಕ್ಷಕರೇ, ನೀವು ಕರೆಯುವ ರೀತಿ ಸ್ವಲ್ಪ ಬದಲಾಗಬೇಕು. "ಬಿಡುವಾದಾಗ ಬನ್ನಿ, ನಿಮ್ಮದೇ ಶಾಲೆ" ಅನ್ನುತ್ತೀರಿ. ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಆ ಮಾತು ಕೇಳಿ ಯಾರೂ ಬರುವುದಿಲ್ಲ. ನಾವು ಗಂಟೆ ಹೊಡೆದಾಗ ಎದ್ದು ನಿಂತು ಜೀವನ ಕಳೆದವರು. ನಮಗೆ ವೇಳಾಪಟ್ಟಿ ಬೇಕು. "ಪ್ರತಿ ಮಂಗಳವಾರ ಮತ್ತು ಶುಕ್ರವಾರ, ಹತ್ತೂವರೆಯಿಂದ ಹನ್ನೊಂದೂವರೆ, ಮೂರನೇ ತರಗತಿಯ ಈ ನಾಲ್ಕು ಮಕ್ಕಳು, ಗ್ರಂಥಾಲಯದ ಕಿಟಕಿ ಪಕ್ಕದ ಮೇಜು" ಅಂತ ಹೇಳಿ ನೋಡಿ. ಹತ್ತಕ್ಕೇ ಬಂದು ಕಾಯುತ್ತಾರೆ.

ಯಾವ ಮಕ್ಕಳು ಅಂತ ತರಗತಿಯ ಶಿಕ್ಷಕರೇ ತೀರ್ಮಾನಿಸಲಿ. ಏನು ಕಲಿಸಬೇಕು ಅನ್ನುವುದನ್ನೂ ಅವರೇ ಹೇಳಲಿ. ಬಂದವರ ಕೈಗೆ ಒಂದು ಸಣ್ಣ ಪುಸ್ತಕ ಕೊಡಿ. ಇವತ್ತು ಏನು ಮಾಡಿದೆವು, ಎಲ್ಲಿ ಎಡವಿತು ಅಂತ ಅದರಲ್ಲಿ ಎರಡು ಸಾಲು ಬರೆಯಲಿ. ತರಗತಿಯ ಶಿಕ್ಷಕರು ಅದನ್ನು ಓದಲಿ. ಇಬ್ಬರ ನಡುವೆ ಮಾತು ಸಾಗಲು ಅಷ್ಟು ಸಾಕು.

ಮಗು ಎಲ್ಲಿ ನಿಂತಿದೆ ಅಂತ ಪತ್ತೆ ಮಾಡಲು ದೊಡ್ಡ ಪರೀಕ್ಷೆ ಬೇಕಿಲ್ಲ. ಹಳ್ಳಿಯ ಮಕ್ಕಳಿಗೆ ಓದು, ಲೆಕ್ಕ ಎಷ್ಟು ಬರುತ್ತದೆ ಅಂತ ನೋಡಲು ಭಾರತದಲ್ಲಿ 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆ ಬಳಸುವ ಓದಿನ ಹಾಳೆಯನ್ನು ನೋಡಿ. ಅದರಲ್ಲಿ ಅಕ್ಷರಗಳು, ಸರಳ ಪದಗಳು, ಒಂದು ಚಿಕ್ಕ ಪ್ಯಾರಾ, ಒಂದು ಕಥೆ ಇರುತ್ತವೆ, ಅಷ್ಟೇ. ಐದು ನಿಮಿಷದಲ್ಲಿ ಮಗು ಎಲ್ಲಿಯವರೆಗೆ ಹತ್ತಿದೆ ಅಂತ ತಿಳಿಯುತ್ತದೆ. ಆಮೇಲೆ ವಯಸ್ಸು, ತರಗತಿ ನೋಡದೆ ಒಂದೇ ಮಟ್ಟದ ಮಕ್ಕಳನ್ನು ಒಟ್ಟಿಗೆ ಕೂರಿಸಿ ಕಲಿಸುವುದು ಈ ಸಮೀಕ್ಷೆ ಶುರು ಮಾಡಿದ ಪ್ರಥಮ್ ಸಂಸ್ಥೆಯ ಪದ್ಧತಿ. ಆಫ್ರಿಕಾದ ಹಲವು ದೇಶಗಳಲ್ಲೂ ಇದನ್ನು ಬಳಸುತ್ತಿದ್ದಾರೆ.

ಕನ್ನಡ ಓದುವ ಮಕ್ಕಳ ಬಗ್ಗೆ ಒಂದು ಮಾತು ಸೇರಿಸಬೇಕು. ನಮ್ಮಲ್ಲಿ ಬಹಳ ಮಕ್ಕಳು ಎಡವುವುದು ಒತ್ತಕ್ಷರದಲ್ಲಿ. ಕಾಗುಣಿತ ಬಾಯಿಪಾಠ ಬರುತ್ತದೆ, ಸರಳ ಪದ ಓಡುತ್ತದೆ. ಒತ್ತು ಬಂದ ಕೂಡಲೇ ಗಾಡಿ ನಿಲ್ಲುತ್ತದೆ. "ಹಳ್ಳಿ" ಅನ್ನುವುದನ್ನು "ಹಳಿ" ಅಂತ ಓದಿ ಮುಂದೆ ಹೋಗುತ್ತವೆ. "ಪುಸ್ತಕ"ದ ಮುಂದೆ ಐದು ಸೆಕೆಂಡು ನಿಂತು, ಚಿತ್ರ ನೋಡಿ ಊಹಿಸಿ ಹೇಳುತ್ತವೆ. ದೊಡ್ಡ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ಈ ಊಹೆ ಯಾರಿಗೂ ಕೇಳಿಸುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಸಜಾತಿ ಒತ್ತು ಗಟ್ಟಿಯಾಗುವ ತನಕ ವಿಜಾತಿ ಒತ್ತಿಗೆ ಹೋಗಬಾರದು ಅನ್ನುವುದು ನನ್ನ ಅನುಭವ. ಇದನ್ನು ಒಪ್ಪದ ಒಳ್ಳೆಯ ಶಿಕ್ಷಕರೂ ಇದ್ದಾರೆ. ಅಂಥವರು ಒಂದೇ ಮೇಜಿನ ಸುತ್ತ ಕೂತು ಜಗಳ ಆಡಲಿ, ಮಕ್ಕಳಿಗೆ ಅದರಿಂದ ಒಳ್ಳೆಯದೇ ಆಗುತ್ತದೆ.

ಮಕ್ಕಳ ಸುರಕ್ಷತೆಯ ವಿಷಯದಲ್ಲಿ ನಮಗಾಗಿ ಯಾವ ನಿಯಮವನ್ನೂ ಸಡಿಲ ಮಾಡಬೇಡಿ. ಹಿನ್ನೆಲೆ ಪರಿಶೀಲನೆ ಮಾಡಿ. ಬಾಗಿಲು ತೆರೆದಿರುವ, ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲೇ ಕೂರಿಸಿ. ಮೂವತ್ತು ವರ್ಷ ಪಾಠ ಮಾಡಿದವರನ್ನು ಹೀಗೆ ಕೇಳುವುದು ಹೇಗೆ ಅಂತ ಸಂಕೋಚ ಬೇಡ. ಒಳ್ಳೆಯ ಶಿಕ್ಷಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನನ್ನ ಮನಸ್ಸಿಗೆ ಬಹಳ ಹತ್ತಿರವಾದ ಇನ್ನೊಂದು ಕೆಲಸ ಹೊಸ ಶಿಕ್ಷಕರ ಜೊತೆ ನಿಲ್ಲುವುದು. ಕೆಲಸಕ್ಕೆ ಸೇರಿದ ಮೊದಲ ಕೆಲವು ವರ್ಷಗಳಲ್ಲೇ ಈ ವೃತ್ತಿ ಬಿಟ್ಟು ಹೋಗುವವರು ಅನೇಕ ದೇಶಗಳಿಗೆ ತಲೆನೋವಾಗಿದ್ದಾರೆ. ಹೊಸಬರಿಗೆ ಪಾಠ ಗೊತ್ತಿರುತ್ತದೆ. ಆದರೆ ನಲವತ್ತು ಮಕ್ಕಳ ಗದ್ದಲದಲ್ಲಿ ಧ್ವನಿ ಏರಿಸದೆ ಹೇಗೆ ಶುರು ಮಾಡುವುದು? ಹಿಂದಿನ ಬೆಂಚಿನ ಹುಡುಗ ಬೇಕಂತಲೇ ಕೆಣಕಿದಾಗ ಏನು ಮಾಡುವುದು? ಸಿಟ್ಟಾಗಿ ಬಂದ ತಾಯಿಯನ್ನು ಮೊದಲು ಕೂರಿಸಿ, ನೀರು ಕೊಟ್ಟು, ಅವರ ಮಾತು ಪೂರ್ತಿ ಕೇಳಿ ಆಮೇಲೆ ಬಾಯಿ ತೆರೆಯಬೇಕು ಅಂತ ಯಾರು ಹೇಳಿಕೊಡುತ್ತಾರೆ? ತರಬೇತಿಯಲ್ಲಿ ಇದೆಲ್ಲ ಒಂದು ಅಧ್ಯಾಯವಾಗಿ ಬಂದು ಹೋಗಿರುತ್ತದೆ. ಸೋಮವಾರ ಬೆಳಿಗ್ಗೆ ಆ ಅಧ್ಯಾಯ ನೆನಪಿಗೆ ಬರುವುದಿಲ್ಲ.

ಹೊಸಬರು ತಮ್ಮ ಕಷ್ಟವನ್ನು ಮುಖ್ಯ ಶಿಕ್ಷಕರ ಹತ್ತಿರ ಹೇಳಿಕೊಳ್ಳಲು ಹೆದರುತ್ತಾರೆ. ಹೇಳಿದರೆ ಕೈಲಾಗದವಳು ಅಂತ ತಿಳಿಯುತ್ತಾರೇನೋ, ವರದಿಯಲ್ಲಿ ಬರುತ್ತದೇನೋ ಅನ್ನುವ ಭಯ. ನಿವೃತ್ತರಾದವರು ಯಾರ ವರದಿಯನ್ನೂ ಬರೆಯುವುದಿಲ್ಲ. ಬಡ್ತಿಗೆ ಪೈಪೋಟಿ ಮಾಡುವುದಿಲ್ಲ. ಹಾಗಾಗಿ ನಮ್ಮ ಮುಂದೆ ಅಳಬಹುದು. ಪ್ರತಿ ಹೊಸ ಶಿಕ್ಷಕರಿಗೆ ಶಾಲೆಯ ಹೊರಗಿನ ಒಬ್ಬ ಹಿರಿಯರನ್ನು ಜೊತೆ ಮಾಡಿ. ವಾರಕ್ಕೊಂದು ಸಲ ಫೋನ್ ಸಾಕು. ಹೊಸಬರು ಕೇಳಿದರೆ ಮಾತ್ರ ತರಗತಿಯ ಹಿಂದೆ ಹೋಗಿ ಕೂರಲಿ. ಅಲ್ಲಿ ನೋಡಿದ್ದು ಆ ಇಬ್ಬರ ನಡುವೆಯೇ ಉಳಿಯಬೇಕು. ಅದು ಆಡಳಿತದ ಕಿವಿಗೆ ಹೋಗುತ್ತದೆ ಅಂತಾದರೆ ಈ ಏರ್ಪಾಡನ್ನೇ ಮಾಡಬೇಡಿ.

ಎಲ್ಲರಿಗೂ ಶಾಲೆಗೇ ಮರಳುವ ಮನಸ್ಸು ಇರುವುದಿಲ್ಲ. ಅದು ಸಹಜ. ಗ್ರಂಥಾಲಯದವರು ಇವರನ್ನು ಕರೆಯಬಹುದು. ವಾರದ ಒಂದು ಸಂಜೆ ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದಿ ಹೇಳಲಿ. ಇನ್ನೊಂದು ಸಂಜೆ ಅದೇ ಮೇಜಿನಲ್ಲಿ ದೊಡ್ಡವರ ಅರ್ಜಿ, ಫಾರಂ ತುಂಬಲು ನೆರವಾಗಲಿ. ಬ್ಯಾಂಕಿನಿಂದ ಬಂದ ಪತ್ರ, ಆಸ್ಪತ್ರೆಯ ಚೀಟಿ, ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ, ಇವನ್ನು ಕೈಯಲ್ಲಿ ಹಿಡಿದು ಯಾರನ್ನು ಕೇಳುವುದು ಅಂತ ತಿಳಿಯದೆ ನಿಂತವರು ಎಲ್ಲ ಕಡೆ ಇದ್ದಾರೆ. ಫಾರಂ ತುಂಬಿಕೊಟ್ಟು ಕಳಿಸುವುದು ಯಾರಿಗಾದರೂ ಬರುತ್ತದೆ. ಶಿಕ್ಷಕರಾಗಿದ್ದವರು "ಈ ಖಾಲಿ ಜಾಗದಲ್ಲಿ ಏನು ಕೇಳಿದ್ದಾರೆ, ಓದಿ ನೋಡೋಣ" ಅನ್ನುತ್ತಾರೆ. ಮುಂದಿನ ಸಲ ಅವರೇ ತುಂಬುತ್ತಾರೆ.

ವಯಸ್ಕರಿಗೆ ಓದು ಕಲಿಸಲು ಹೊರಟವರು ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ ಅವರ ಕೆಲಸದ ಬಗ್ಗೆ ತಿಳಿದುಕೊಳ್ಳಬೇಕು. ಫಿಲಿಪೈನ್ಸ್‌ನ ಲಾನಾವ್ ಪ್ರಾಂತ್ಯದಲ್ಲಿ 1930ರ ಸುಮಾರಿಗೆ ಅವರು ಮರನಾವೊ ಜನರಿಗೆ ಅವರದೇ ಭಾಷೆಯಲ್ಲಿ ಓದು ಕಲಿಸುತ್ತಿದ್ದರು. ಆರ್ಥಿಕ ಕುಸಿತದ ಕಾಲ. ಶಿಕ್ಷಕರಿಗೆ ಸಂಬಳ ಕೊಡಲು ಹಣ ಸಾಲಲಿಲ್ಲ. ಆಗ ಕಲಿತವರೆಲ್ಲ ಇನ್ನೊಬ್ಬರಿಗೆ ಕಲಿಸಲೇಬೇಕು ಅಂತ ಅಲ್ಲಿನ ಮುಖಂಡರೇ ಪಟ್ಟು ಹಿಡಿದರು. ಒಬ್ಬರು ಒಬ್ಬರಿಗೆ ಕಲಿಸುವ ಆ ಪದ್ಧತಿ ಆಮೇಲೆ ಜಗತ್ತಿನ ಎಷ್ಟೋ ಭಾಷೆಗಳಿಗೆ ಹೋಯಿತು. ಇದರಲ್ಲಿ ನಮಗೆ ಬೇಕಾದ ಪಾಠ ಇದೆ. ನಿವೃತ್ತ ಶಿಕ್ಷಕಿ ಒಬ್ಬರೇ ಇಪ್ಪತ್ತು ಹೆಂಗಸರಿಗೆ ಅಕ್ಷರ ಕಲಿಸುತ್ತಾ ಕೂರಬೇಕಿಲ್ಲ. ನಾಲ್ವರಿಗೆ ಕಲಿಸಿ, ಆ ನಾಲ್ವರು ತಮ್ಮ ಗೆಳತಿಯರಿಗೆ ಕಲಿಸುವಾಗ ಪಕ್ಕದಲ್ಲಿ ಇದ್ದರೆ ಕೆಲಸ ಬೇಗ ಹಬ್ಬುತ್ತದೆ. ಮನೆಬಾಗಿಲಲ್ಲಿ ಗೆಳತಿಯಿಂದ ಕಲಿಯಲು ದೊಡ್ಡವರಿಗೆ ನಾಚಿಕೆಯೂ ಕಡಿಮೆ.

ಮಕ್ಕಳ ಸಹವಾಸ ಸಾಕು, ನನ್ನ ಓರಗೆಯವರ ಜೊತೆ ಇರಬೇಕು ಅನ್ನಿಸುವವರೂ ಇದ್ದಾರೆ. ಅವರಿಗೊಂದು ದಾರಿ ಫ್ರಾನ್ಸಿನ ಟುಲೂಸ್‌ನಲ್ಲಿ 1973ರಲ್ಲಿ ಪಿಯರ್ ವೆಲ್ಲಾ ತೆರೆದರು. ನಿವೃತ್ತರಿಗೆ ಅಂತಲೇ ಮೂರನೇ ವಯಸ್ಸಿನ ವಿಶ್ವವಿದ್ಯಾಲಯ ಅದು. ಅಲ್ಲಿ ವಿಶ್ವವಿದ್ಯಾಲಯದವರು ಪಾಠ ಹೇಳುತ್ತಿದ್ದರು. 1980ರ ದಶಕದ ಮೊದಲಲ್ಲಿ ಬ್ರಿಟನ್ನಿಗೆ ಬಂದಾಗ ಪೀಟರ್ ಲ್ಯಾಸ್ಲೆಟ್, ಮೈಕಲ್ ಯಂಗ್, ಎರಿಕ್ ಮಿಡ್‌ವಿಂಟರ್ ಇದನ್ನು ಇನ್ನಷ್ಟು ಸರಳ ಮಾಡಿದರು. ಪ್ರವೇಶ ಪರೀಕ್ಷೆ ಇಲ್ಲ, ಪದವಿ ಇಲ್ಲ, ಸಂಬಳದ ಮೇಷ್ಟ್ರು ಇಲ್ಲ. ಇವತ್ತು ಚರಿತ್ರೆ ಹೇಳಿದವರು ನಾಳೆ ಸಂಗೀತದ ಗುಂಪಿನಲ್ಲಿ ಶಿಷ್ಯರಾಗಿ ಕೂರುತ್ತಾರೆ. ಒಂದು ಕೋಣೆ ಮತ್ತು ಒಂದು ಪಟ್ಟಿ ಇದ್ದರೆ ಯಾವ ಊರಿನಲ್ಲೂ ಇದನ್ನು ಶುರು ಮಾಡಬಹುದು. ಸ್ಥಳೀಯ ಆಡಳಿತದವರು ಸಂಜೆ ಖಾಲಿ ಇರುವ ಒಂದು ಕೋಣೆಯ ಬೀಗದ ಕೈ ಕೊಟ್ಟರೆ ಸಾಕು.

ಮಂಡಿನೋವು, ಮನೆಯಲ್ಲಿ ಕಾಯಿಲೆಯವರು, ಹೀಗೆ ಹೊರಗೆ ಹೋಗಲು ಆಗದವರು ಬಹಳ ಜನ. ಅವರನ್ನು ಪಟ್ಟಿಯಿಂದ ಬಿಡಬೇಡಿ. 2009ರಲ್ಲಿ ಶಿಕ್ಷಣ ಸಂಶೋಧಕ ಸುಗತ ಮಿತ್ರ ಬ್ರಿಟನ್ನಿನಲ್ಲಿ ಸ್ವಯಂಸೇವಕರನ್ನು ಕೇಳಿದಾಗ ಎಷ್ಟೋ ನಿವೃತ್ತ ಶಿಕ್ಷಕರು ಮುಂದೆ ಬಂದರು. ಅವರು ಮನೆಯಿಂದಲೇ ಸ್ಕೈಪ್ ಮೂಲಕ ಭಾರತದ ಮಕ್ಕಳ ಜೊತೆ ಮಾತಾಡುತ್ತಿದ್ದರು. ಅದಕ್ಕೆ ಅಜ್ಜಿಯರ ಗುಂಪು ಅಂತಲೇ ಹೆಸರು ಬಿತ್ತು. ಪಾಠ ಒಪ್ಪಿಸುವುದು ಅವರ ಕೆಲಸ ಆಗಿರಲಿಲ್ಲ. ಮಗು ಮಾಡಿದ್ದನ್ನು ನೋಡಿ ಖುಷಿಪಟ್ಟು "ಇದು ಹೇಗೆ ಮಾಡಿದೆ, ನನಗೂ ಹೇಳು" ಅಂತ ಕೇಳುವುದೇ ಕೆಲಸ. ಓದುವ ಧ್ವನಿ ಚೆನ್ನಾಗಿದ್ದರೆ ಕಣ್ಣು ಕಾಣದವರಿಗಾಗಿ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಬಹುದು. ಭಾಷಾ ಶಿಕ್ಷಕರಿಗೆ ಅಂತರ್ಜಾಲದ ಪುಸ್ತಕ ಭಂಡಾರವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಕರಡು ತಿದ್ದುವ ಕೆಲಸ ಬೇಕಾದಷ್ಟಿದೆ. ಕೆಂಪು ಪೆನ್ನು ಹಿಡಿದ ಕೈಗೆ ಅದು ಹೇಳಿ ಮಾಡಿಸಿದ ಕೆಲಸ.

ಇನ್ನೂ ಇವೆ. ವಿಜ್ಞಾನದವರು ಮಕ್ಕಳನ್ನು ಕಟ್ಟಿಕೊಂಡು ಹಕ್ಕಿ ಗುರುತಿಸಿ ಇ-ಬರ್ಡ್ ಅನ್ನುವ ಜಾಲತಾಣಕ್ಕೆ ಸೇರಿಸಬಹುದು. 2002ರಿಂದ ನಡೆಯುತ್ತಿರುವ ಆ ಜಾಲಕ್ಕೆ ಜಗತ್ತಿನ ಸಾಮಾನ್ಯ ಜನರೇ ಮಾಹಿತಿ ಕೊಡುವುದು. ದೈಹಿಕ ಶಿಕ್ಷಕರಿಗೆ ಮೈದಾನ, ಸಂಗೀತದವರಿಗೆ ಹಾಡಿನ ಗುಂಪು. ಚರಿತ್ರೆಯವರು ಶಾಲೆಯ ಹಳೆಯ ದಾಖಲೆ, ಫೋಟೋ ಜೋಡಿಸಿ, ಫೋಟೋದಲ್ಲಿ ಇರುವವರ ಹೆಸರು ನೆನಪಿರುವಾಗಲೇ ಬರೆದಿಡಲಿ. ಆಮೇಲೆ ಹೇಳುವವರು ಇರುವುದಿಲ್ಲ.

ಕೊಡುವ ಮಾತೇ ಜಾಸ್ತಿ ಆಯಿತು. ನಮ್ಮನ್ನು ನೋಡಿಕೊಳ್ಳುವ ಮಾತೂ ಆಗಬೇಕು. ಅಮೆರಿಕದ ಎಥೆಲ್ ಪರ್ಸಿ ಆಂಡ್ರಸ್ ಲಾಸ್ ಏಂಜಲೀಸ್‌ನ ಪ್ರೌಢಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯಾಗಿದ್ದು 1944ರಲ್ಲಿ ನಿವೃತ್ತರಾದರು. ಒಮ್ಮೆ ಅವರು ಒಬ್ಬ ಹಳೆಯ ಶಿಕ್ಷಕಿಯನ್ನು ಹುಡುಕಿಕೊಂಡು ಹೋದಾಗ, ಆಕೆ ಕೋಳಿಗೂಡಿನಲ್ಲಿ ವಾಸ ಮಾಡುತ್ತಿದ್ದದ್ದನ್ನು ಕಂಡರಂತೆ. ಕೈಗೆ ಬರುವ ಅಲ್ಪ ಪಿಂಚಣಿಯಲ್ಲಿ ಬೇರೆ ಮನೆ ಸಿಕ್ಕಿರಲಿಲ್ಲ. ಆಂಡ್ರಸ್ 1947ರಲ್ಲಿ ನಿವೃತ್ತ ಶಿಕ್ಷಕರ ರಾಷ್ಟ್ರೀಯ ಸಂಘ ಕಟ್ಟಿದರು. ವಯಸ್ಸಾದವರಿಗೆ ಯಾರೂ ವಿಮೆ ಕೊಡದಿದ್ದ ಕಾಲದಲ್ಲಿ ಓಡಾಡಿ ಆರೋಗ್ಯ ವಿಮೆ ದೊರಕಿಸಿದರು. 1958ರಲ್ಲಿ ಆ ಕೆಲಸವನ್ನು ಎಲ್ಲ ಹಿರಿಯರಿಗೂ ಹಿಗ್ಗಿಸಿದ್ದೇ ಇವತ್ತಿನ ಎಎಆರ್‌ಪಿ, ಅಮೆರಿಕದ ಅತಿ ದೊಡ್ಡ ಸಂಘಟನೆಗಳಲ್ಲಿ ಒಂದು. ಒಬ್ಬ ನಿವೃತ್ತ ಶಿಕ್ಷಕಿ ಇನ್ನೊಬ್ಬ ನಿವೃತ್ತ ಶಿಕ್ಷಕಿಯ ಬಾಗಿಲು ತಟ್ಟಿದ್ದರಿಂದ ಇದೆಲ್ಲ ಆಯಿತು.

ಹಾಗಾಗಿ ಕೆಲಸಕ್ಕೆ ಕರೆಯುವ ಪಟ್ಟಿ ಮಾಡುವಾಗ ಪಕ್ಕದಲ್ಲೇ ಇನ್ನೊಂದು ಪಟ್ಟಿ ಮಾಡಿ. ಯಾರು ಒಬ್ಬರೇ ಇದ್ದಾರೆ, ಯಾರಿಗೆ ಔಷಧಿ ತಂದುಕೊಡುವವರಿಲ್ಲ, ಯಾರ ಪಿಂಚಣಿ ಕಾಗದ ಕಚೇರಿಯಲ್ಲಿ ಸಿಕ್ಕಿಕೊಂಡಿದೆ, ಯಾರು ಖಾಸಗಿ ಶಾಲೆಯಲ್ಲಿ ದುಡಿದು ಪಿಂಚಣಿಯೇ ಇಲ್ಲದೆ ಉಳಿದಿದ್ದಾರೆ. ಬರುವವರಿಗೆ ಬಸ್ಸಿನ ಖರ್ಚು ಕೊಡಿ. ಸೇವೆಗೆ ಹಣ ಕೊಟ್ಟರೆ ಅವಮಾನ ಆಗುತ್ತದೆ ಅಂತ ಕೆಲವರು ಅನ್ನುತ್ತಾರೆ. ಕೈಯಿಂದ ಖರ್ಚು ಮಾಡಿ ಬರಲು ಆಗದೆ, ಅದನ್ನು ಹೇಳಲೂ ಆಗದೆ ಮನೆಯಲ್ಲಿ ಉಳಿಯುವುದು ಅದಕ್ಕಿಂತ ಹೆಚ್ಚು ನೋವಿನದು.

ನನ್ನ ಜೊತೆಯವರಿಗೆ, ಅಂದರೆ ನಿವೃತ್ತರಿಗೆ, ನಾಲ್ಕು ಮಾತು. ಶಾಲೆಗೆ ಹೋದರೆ "ನಮ್ಮ ಕಾಲದಲ್ಲಿ" ಅಂತ ಶುರು ಮಾಡಬೇಡಿ. ಈಗಿನವರಿಗೆ ನಮಗಿಲ್ಲದ ಎಷ್ಟೋ ಹೊರೆ ಇವೆ. ಪಾಠದ ಜೊತೆ ಮೊಬೈಲಿನಲ್ಲಿ ತುಂಬುವ ಮಾಹಿತಿಯೇ ಅವರ ಅರ್ಧ ಹೊತ್ತು ತಿನ್ನುತ್ತದೆ. ತರಗತಿಯ ಶಿಕ್ಷಕರು ನಮ್ಮ ಹಳೆಯ ವಿದ್ಯಾರ್ಥಿಯೇ ಆಗಿದ್ದರೂ ಮಕ್ಕಳ ಮುಂದೆ ಅವರನ್ನು ಬಹುವಚನದಲ್ಲೇ ಮಾತಾಡಿಸಿ. ಅವರು ಹೇಳಿದ್ದು ಸರಿ ಕಾಣದಿದ್ದರೆ ಸಂಜೆ ಒಬ್ಬರೇ ಇದ್ದಾಗ ಕೇಳಿ.

ಐದು ಕೆಲಸ ಒಪ್ಪಿಕೊಳ್ಳಬೇಡಿ. ಒಂದು ಒಪ್ಪಿಕೊಂಡು ಒಂದು ವರ್ಷ ಬಿಡದೆ ಮಾಡಿ. ಮಗು ಮಂಗಳವಾರ ಕಾಯುತ್ತಿರುತ್ತದೆ. ಬರುತ್ತೇನೆ ಅಂತ ಹೇಳಿ ಬಾರದೆ ಇರುವುದಕ್ಕಿಂತ ಬರುವುದಿಲ್ಲ ಅಂತ ಮೊದಲೇ ಹೇಳುವುದು ಮೇಲು. ಬೇಡ ಅನ್ನಿಸಿದರೆ ಬೇಡ ಅನ್ನಿ, ಅದಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ. ಇಷ್ಟು ವರ್ಷ ದುಡಿದಿದ್ದೀರಿ. ಗಿಡ ನೋಡಿಕೊಂಡು, ನಿದ್ದೆ ಮಾಡಿಕೊಂಡು ಇರುವುದೂ ನಿಮ್ಮ ಹಕ್ಕು. ಬಿಡುವು ಮಾಡಿಕೊಂಡು ಎರಡು ವರ್ಷದ ಮೇಲೆ ಬಂದರೂ ಕೆಲಸ ಹಾಗೇ ಇರುತ್ತದೆ. ಹಾಗೆಯೇ ಹೆಂಗಸರಿಗೆ ಒಂದು ಮಾತು. ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕು, ಇವರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಬೇಕು ಅಂತ ನಮ್ಮ ಸಮಯವನ್ನು ಮನೆಯವರೇ ಹಂಚಿಬಿಟ್ಟಿರುತ್ತಾರೆ. ವಾರದ ಎರಡು ಗಂಟೆ ನನ್ನದು ಅಂತ ಹೇಳಲು ಹಿಂಜರಿಯಬೇಡಿ. ಹಾಜರಿ ಹಾಕುವಾಗ ಇದ್ದ ಆ ಗಟ್ಟಿ ಧ್ವನಿಯಲ್ಲೇ ಹೇಳಿ.

ಆಡಳಿತದವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಹೊಸ ಯೋಜನೆ ಬೇಡ, ಉದ್ಘಾಟನೆ ಬೇಡ. ನಿಮ್ಮ ವ್ಯಾಪ್ತಿಯಲ್ಲಿ ಇರುವ ನಿವೃತ್ತ ಶಿಕ್ಷಕರ ಪಟ್ಟಿ ಮಾಡಿ. ಪಿಂಚಣಿ ಕಚೇರಿಯ ದಾಖಲೆಯಲ್ಲಿ ಇಲ್ಲದ ಖಾಸಗಿ ಶಾಲೆಯವರನ್ನೂ ಅಂಗನವಾಡಿಯಲ್ಲಿ ದುಡಿದವರನ್ನೂ ಸೇರಿಸಿ. ಏನು ಕಲಿಸುತ್ತಿದ್ದರು, ಈಗ ಎಷ್ಟು ಹೊತ್ತು ಕೊಡಬಲ್ಲರು, ಮನೆಯಿಂದಲೋ ಹೊರಗೆ ಬಂದೋ ಅಂತ ಕೇಳಿ ಬರೆದುಕೊಳ್ಳಿ. ಶಾಲೆ, ಗ್ರಂಥಾಲಯ, ಆಸ್ಪತ್ರೆ, ಜೈಲು, ಎಲ್ಲಿ ಯಾವ ಕೆಲಸ ಇದೆ ಅಂತ ಇನ್ನೊಂದು ಕಡೆ ಬರೆಯಿರಿ. ಎರಡನ್ನೂ ಹೊಂದಿಸಲು ಒಬ್ಬರನ್ನು ನೇಮಿಸಿ, ಅವರಿಗೆ ಸಂಬಳ ಕೊಡಿ. ಇಂಥ ಕೆಲಸ ನಿಂತುಹೋಗುವುದು ಸ್ವಯಂಸೇವಕರು ಸಿಗದೆ ಅಲ್ಲ, ಫೋನ್ ಮಾಡಿ ಹೊಂದಿಸುವವರು ಇಲ್ಲದೆ.

ಅದಾಗುವ ತನಕ, ಮುಖ್ಯ ಶಿಕ್ಷಕರೇ, ಶಾಲೆ ಶುರುವಾಗುವ ಮೊದಲ ವಾರ ನಿಮ್ಮ ಶಾಲೆಯಿಂದ ನಿವೃತ್ತರಾದ ಒಬ್ಬರಿಗೆ ಫೋನ್ ಮಾಡಿ. ಭಾಷಣದ ವಿಷಯ ಹೇಳಬೇಡಿ. ಮಕ್ಕಳ ಹೆಸರು, ದಿನ, ಹೊತ್ತು ಹೇಳಿ. ನಿವೃತ್ತರೇ, ಫೋನ್ ಬಾರದಿದ್ದರೆ ಮುನಿಸಿಕೊಳ್ಳದೆ ನೀವೇ ಹೋಗಿ. ಎರಡನೇ ಅಥವಾ ಮೂರನೇ ತರಗತಿಯ ಶಿಕ್ಷಕರನ್ನು ಕಂಡು, ಓದಲು ಕಷ್ಟಪಡುವ ಒಂದು ಮಗುವಿನ ಜೊತೆ ವಾರಕ್ಕೆ ಎರಡು ದಿನ ಕೂರುತ್ತೇನೆ ಅಂತ ಕೇಳಿ. ಮೊದಲ ಸಲ ಅವರಿಗೆ ಮಾತಾಡಲು ಬಿಡುವಿಲ್ಲದೆ ಹೋದರೆ ಮುಂದಿನ ವಾರ ಮತ್ತೆ ಹೋಗಿ.

ಇಂತಿ ನಿಮ್ಮವಳು,
ಒಬ್ಬ ನಿವೃತ್ತ ಶಿಕ್ಷಕಿ